ಸರ್ಚುವಿನಿಂದ ಇಳಿಯಬೇಕೆಂದರೆ ಮೊದಲು ಹತ್ತಬೇಕು

ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯಲ್ಲಿ ಬೈಕ್ ಯಾತ್ರೆಗಳ ದಾರಿ ಗೊತ್ತುಮಾಡುವುದು ನನ್ನ ಕೆಲಸ. ಯಾವ ದಿನ ಎಲ್ಲಿಂದ ಹೊರಡಬೇಕು, ಎಲ್ಲಿ ಪೆಟ್ರೋಲ್ ತುಂಬಿಸಬೇಕು, ಎಲ್ಲಿ ಟೆಂಟ್ ಹಾಕಬೇಕು ಎಂಬುದೆಲ್ಲ ನಾನು ಬರೆದುಕೊಟ್ಟ ಹಾಳೆಯ ಪ್ರಕಾರ ನಡೆಯುತ್ತದೆ. ಸೇರಿದ ಎರಡನೆಯ ವರ್ಷ ಮನಾಲಿ–ಲೇಹ್ ದಾರಿಗೆ ಬರೆದ ಹಾಳೆ ನೋಡಲು ಅಚ್ಚುಕಟ್ಟಾಗಿತ್ತು. ಒಟ್ಟು 427 ಕಿಲೋಮೀಟರ್, ಮೂರು ದಿನ. ಮೊದಲ ರಾತ್ರಿ ಕೇಲಾಂಗ್, ಎರಡನೆಯ ರಾತ್ರಿ ಸರ್ಚು, ಮೂರನೆಯ ದಿನ ಲೇಹ್. ಸರ್ಚು ಹೆಚ್ಚುಕಡಿಮೆ ನಡುದಾರಿ. ವಿಶಾಲ ಬಯಲು, ಹತ್ತಿರದಲ್ಲೇ ನದಿ. ಟೆಂಟ್ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎನ್ನಿಸುವಂತಿದೆ. ಆ ಹಾಳೆಯಲ್ಲಿ ದೂರಕ್ಕೆ ಒಂದು ಕಾಲಂ ಇತ್ತು, ಸಮಯಕ್ಕೆ ಒಂದು ಇತ್ತು. ಎತ್ತರಕ್ಕೆ ಇರಲಿಲ್ಲ.

ಕೇಲಾಂಗ್ ಸುಮಾರು 3,080 ಮೀಟರ್ ಎತ್ತರದಲ್ಲಿದೆ, ಸರ್ಚು ಸುಮಾರು 4,290. ಅಂದರೆ ಒಂದೇ ದಿನದಲ್ಲಿ ನಮ್ಮವರ ಹಾಸಿಗೆಯನ್ನು ನಾನು 1,200 ಮೀಟರ್ ಮೇಲಕ್ಕೆ ಎತ್ತಿಟ್ಟಿದ್ದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ನಿಲ್ಲಬೇಕು ಎಂಬುದು ವೈದ್ಯರ ಮಾತು. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರಿನ ಆಸುಪಾಸು. ಮನಾಲಿಯ ಪೇಟೆಬೀದಿಯೇ ಅದಕ್ಕಿಂತ ಮೇಲಿದೆ. ಬೆಂಗಳೂರಿನಿಂದ ಹೊರಟ ಮೈಗೆ ತೆಳುಗಾಳಿಗೆ ಹೊಂದಿಕೊಳ್ಳಲು ನಾನು ಕೊಟ್ಟ ಕಾಲಾವಕಾಶ ಏನೇನೂ ಸಾಲದು.

ಆ ಯಾತ್ರೆಗೆ ನಾನೂ ಹೋಗಿದ್ದೆ. ಸರ್ಚುವಿನ ರಾತ್ರಿ ತಂಡದ ಹಿರಿಯರೊಬ್ಬರು ಊಟ ಬಿಟ್ಟರು. ವಿಚಾರಿಸಿದರೆ, "ಏನಿಲ್ಲ ಬಿಡಿ, ಬಿಸಿಲಿಗೆ ತಲೆ ಹಿಡಿದಿದೆ, ಮಲಗಿದರೆ ಸರಿಹೋಗುತ್ತದೆ" ಎಂದರು. ನಾನೂ ನಂಬಿದೆ. ರಾತ್ರಿ ಒಂದು ಗಂಟೆಗೆ ಅವರ ಜೊತೆಯವರು ಬಂದು ಎಬ್ಬಿಸಿದಾಗ ಎರಡು ಸಲ ವಾಂತಿಯಾಗಿತ್ತು. ಟೆಂಟಿನಿಂದ ಹೊರಗೆ ನಡೆಸಿದರೆ ಹೆಜ್ಜೆ ಅತ್ತಿತ್ತ ಬೀಳುತ್ತಿತ್ತು. ಎತ್ತರದಲ್ಲಿ ನಡಿಗೆ ತಪ್ಪಿತೆಂದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು. ಆಮ್ಲಜನಕದ ಸಿಲಿಂಡರ್ ಇತ್ತು, ಹಾಕಿದೆವು. ಅದು ಸ್ವಲ್ಪ ಹೊತ್ತು ಕಾಪಾಡುತ್ತದೆ. ಕೆಳಗಿಳಿಸದೆ ಬೇರೆ ದಾರಿಯಿಲ್ಲ.

ಸರ್ಚುವಿನ ಕಷ್ಟ ಆಗ ಅರ್ಥವಾಯಿತು. ಅದು ಬಟ್ಟಲಿನ ತಳ. ಮನಾಲಿ ಕಡೆಗೆ ಇಳಿಯಬೇಕೆಂದರೆ ಮೊದಲು ಸುಮಾರು 4,890 ಮೀಟರಿನ ಬಾರಾಲಾಚಾ ಲಾ ಹತ್ತಬೇಕು. ಲಾ ಎಂದರೆ ಬೆಟ್ಟ ದಾಟುವ ಪಾಸ್. ಲೇಹ್ ಕಡೆಗೆ ಹೋದರೆ ಗಾಟಾ ಲೂಪ್ಸ್‌ನ 21 ತಿರುವುಗಳು, ನಕೀ ಲಾ, ಅದರಾಚೆ ಐದು ಸಾವಿರ ಮೀಟರ್ ಮೀರಿದ ಲಾಚುಂಗ್ ಲಾ. ಅಷ್ಟೆಲ್ಲ ದಾಟಿ ಸಿಗುವ ಪಾಂಗ್ ಕೂಡ ಸರ್ಚುವಿಗಿಂತ ಮೇಲೆಯೇ ಇದೆ. ಕಾಯಿಲೆ ಬಿದ್ದವರನ್ನು ಇಳಿಸಲು ಆರುನೂರು ಮೀಟರ್ ಹತ್ತಿಸಬೇಕಾದ ಜಾಗದಲ್ಲಿ ನಾನು ಹನ್ನೆರಡು ಜನರನ್ನು ಮಲಗಿಸಿದ್ದೆ. ಜೀಪಿನ ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಬಾರಾಲಾಚಾ ದಾಟುವವರೆಗೆ ಅವರ ಉಸಿರನ್ನು ಎಣಿಸುತ್ತಲೇ ಕುಳಿತಿದ್ದೆ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ಕ್ರಮಿಸಿ ಕೇಲಾಂಗ್‌ನ ಆಸ್ಪತ್ರೆ ಮುಟ್ಟಿದಾಗ ಬೆಳಕು ಹರಿದಿತ್ತು. ಅವರು ಉಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವರ ಮಗಳಿಗೆ ಫೋನ್ ಮಾಡಿದ ಆ ಐದು ನಿಮಿಷವನ್ನು ನಾನು ಮರೆತಿಲ್ಲ.

ವಾಪಸು ಬಂದವನು ಯಾತ್ರೆಯನ್ನೇ ಹಿಂದುಮುಂದು ಮಾಡಿದೆ. ಈಗ ನಮ್ಮ ತಂಡ ಶ್ರೀನಗರದಿಂದ ಹೊರಡುತ್ತದೆ. ಜೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ 2,676 ಮೀಟರಿನಲ್ಲಿ ಮಲಗುತ್ತದೆ, ಮರುದಿನ ಲೇಹ್. ಕಾರ್ಗಿಲ್‌ನಿಂದ ಲೇಹ್‌ಗೆ ಏರಿಕೆ ಇನ್ನೂ 800 ಮೀಟರಿನಷ್ಟಿದೆ; ಆದ್ದರಿಂದ ಲೇಹ್‌ನಲ್ಲಿ ಮೂರು ರಾತ್ರಿ ಕಡ್ಡಾಯ, ಮೊದಲ ದಿನ ಬೈಕಿನ ಕೀಲಿ ನನ್ನ ಹತ್ತಿರ. "ರಜೆಯಲ್ಲಿ ಒಂದು ದಿನ ಸುಮ್ಮನೆ ಹೋಯಿತಲ್ಲ ಸಾರ್" ಎಂದು ಪ್ರತಿ ತಂಡದಲ್ಲೂ ಯಾರಾದರೂ ಹೇಳುತ್ತಾರೆ. ಹೇಳಲಿ. ಸರ್ಚು ಈಗ ಬರುವುದು ಕೊನೆಯಲ್ಲಿ, ಮೈ ಒಂದು ವಾರ ಪಳಗಿದ ಮೇಲೆ, ಮನಾಲಿಗೆ ಇಳಿಯುವ ದಾರಿಯಲ್ಲಿ.

ಈ ಬದಲಾವಣೆ ಉಳಿದ ಲೆಕ್ಕಗಳನ್ನೂ ಬದಲಿಸಿತು. ಲೇಹ್ ಬಿಟ್ಟು ಕಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿದರೆ, ಕೇಲಾಂಗ್ ಹತ್ತಿರದ ತಾಂಡಿಯವರೆಗಿನ ಸುಮಾರು 330 ಕಿಲೋಮೀಟರಿನಲ್ಲಿ ಪಂಪ್ ಇಲ್ಲವೆಂದೇ ನನ್ನ ಲೆಕ್ಕ. ಹದಿನೈದು ಲೀಟರ್ ಟ್ಯಾಂಕ್ ಸಾಕೆಂದು ತೋರುತ್ತದೆ. ಆದರೆ ಟೆಂಟ್ ಹೊತ್ತು ಮೊದಲ ಗೇರಿನಲ್ಲಿ ಪಾಸ್ ಹತ್ತುವ ಬೈಕಿಗೆ ಊರಿನ ಮೈಲೇಜ್ ಸಿಗುವುದಿಲ್ಲ, ಹಾಗಾಗಿ ಪ್ರತಿ ಬೈಕಿಗೂ ಐದು ಲೀಟರಿನ ಕ್ಯಾನ್ ಕಟ್ಟಿಸುತ್ತೇನೆ. ಸರ್ಚು ಮತ್ತು ಬಾರಾಲಾಚಾ ನಡುವಿನ ಭರತ್‌ಪುರದ ಹತ್ತಿರ ರಸ್ತೆಗೆ ಅಡ್ಡ ಹರಿಯುವ ಹಿಮದ ನೀರು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೆ ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟುತ್ತದೆ. ಸರ್ಚುವಿನಿಂದ ಬೆಳಗಿನ ಐದೂವರೆಗೆ ಹೊರಡುವುದು ಅದಕ್ಕೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ತಂಡದಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಬೇಕು.

ಅಡುಗೆಯ ವಿಷಯ ನನಗೆ ತುಂಬ ಇಷ್ಟವಾದದ್ದು. ಸರ್ಚುವಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನಕ್ಕಿಟ್ಟರೆ ಗ್ಯಾಸ್ ಮುಗಿಯುತ್ತದೆ, ಅಕ್ಕಿಯ ನಡುವಿನ ಗಟ್ಟಿ ಹೋಗುವುದಿಲ್ಲ. ಈಗ ನಮ್ಮ ಚೀಲದಲ್ಲಿ ಅವಲಕ್ಕಿ, ಬೆಲ್ಲ, ಹುರಿಹಿಟ್ಟು. ಲಡಾಖಿನವರು ಬಾರ್ಲಿ ಹುರಿದು ಬೀಸಿದ ತ್ಸಂಪಾವನ್ನು ಉಪ್ಪು ಬೆಣ್ಣೆಯ ಚಹಾದಲ್ಲಿ ಕಲಸಿ ತಿನ್ನುವುದನ್ನು ಕಂಡಾಗ ನನಗೆ ಅಜ್ಜಿಯ ಹುರಿಹಿಟ್ಟಿನ ಡಬ್ಬಿ ನೆನಪಾಗಿತ್ತು. ಬೇಯಿಸದೆ ಹೊಟ್ಟೆ ತುಂಬಿಸುವ ಉಪಾಯ ಅಲ್ಲಿಯೂ ಅದೇ, ನಮ್ಮಲ್ಲಿಯೂ ಅದೇ.

ಸರ್ಚುವಿನಲ್ಲಿ ರಾತ್ರಿ ಒಂಬತ್ತಕ್ಕೆ ನೆಲದ ಮೇಲೆ ಒಂದು ಹಗ್ಗ ಹಾಸುತ್ತೇನೆ. ಎಲ್ಲರೂ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ಹತ್ತು ಹೆಜ್ಜೆ ನಡೆದು ತೋರಿಸಿದ ಮೇಲೆಯೇ ಟೆಂಟಿಗೆ ಹೋಗುತ್ತಾರೆ. "ಏನಿಲ್ಲ ಬಿಡಿ" ಎನ್ನುವವರನ್ನು ಎರಡು ಸಲ ನಡೆಸುತ್ತೇನೆ. ಚಾಲಕ ಜೀಪನ್ನು ಬಾರಾಲಾಚಾ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು ಮಲಗುತ್ತಾನೆ.