ಯಾವ ಕಂಪನಿ ಕರೆಸಿಕೊಂಡಿದೆ ಎಂದು ಕೇಳುವವರಿಗೆ

ನನಗೆ ಆಸ್ಟ್ರೇಲಿಯಾದ ವೀಸಾ ಸಿಕ್ಕ ಸುದ್ದಿ ಹಬ್ಬಿದ ಮೇಲೆ ಶಿರಸಿ, ಕುಮಟೆ, ಹೊನ್ನಾವರ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಕ್ಕಾ, ಯಾವ ಕಂಪನಿ ಕರೆಸ್ಕೊಂಡಿದೆ?" ಯಾವ ಕಂಪನಿಯೂ ಕರೆಸಿಕೊಂಡಿಲ್ಲ. ಅಲ್ಲಿ ನನಗೆ ಈ ಹೊತ್ತಿಗೆ ಒಂದು ಕೆಲಸವೂ ಖಚಿತವಾಗಿಲ್ಲ. ಹೀಗೆಂದ ಕೂಡಲೆ ಆಚೆ ಕಡೆಯವರು ಮಾತು ನಿಲ್ಲಿಸುತ್ತಾರೆ, ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಈ ವೀಸಾದ ದೊಡ್ಡ ಗುಣವೇ ಅದು, ಕರೆಸಿಕೊಳ್ಳುವ ಮಾಲೀಕ ಬೇಕಿಲ್ಲ.

ನಮ್ಮ ಜಿಲ್ಲೆಗೆ ವೀಸಾ ಎಂದರೆ ಮೊದಲು ನೆನಪಾಗುವುದು ಗಲ್ಫ್. ಭಟ್ಕಳದಲ್ಲಿ ಎಷ್ಟೋ ಮನೆ ಎದ್ದದ್ದು, ಎಷ್ಟೋ ಮಕ್ಕಳು ಓದಿದ್ದು ಆ ದುಡಿಮೆಯಿಂದ. ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಡಿಗ್ರಿಯಲ್ಲಿ ನನ್ನ ಜೊತೆ ಓದಿದವಳ ಅಣ್ಣ ಸೌದಿಯಲ್ಲಿದ್ದ ಕಾಲದಲ್ಲಿ ಅವನ ಪಾಸ್‌ಪೋರ್ಟ್ ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ, ಕಪಾಟಿನಲ್ಲಿತ್ತು. ತಂಗಿಯ ಮದುವೆಗೆ ಬರಲೂ ಅವನು ಮಾಲೀಕನ ಸಹಿಗೆ ಕಾಯಬೇಕಾಯಿತು. ಕೆಲಸ ಬಿಟ್ಟರೆ ವೀಸಾವೂ ಹೋಯಿತು. ನನಗೆ ಸಿಕ್ಕಿರುವ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸಬ್‌ಕ್ಲಾಸ್ 462, ಇರುವುದು ನನ್ನ ಹೆಸರಿಗೆ. ಅಲ್ಲಿಗೆ ಕಾಲಿಟ್ಟ ದಿನದಿಂದ ಒಂದು ವರ್ಷ ತಿರುಗಬಹುದು, ದುಡಿಯಬಹುದು, ನಾಲ್ಕು ತಿಂಗಳವರೆಗೆ ಓದಲೂಬಹುದು. ಒಬ್ಬ ಮಾಲೀಕನ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವ ಹಾಗೇ ಇಲ್ಲ. ಸರಿಹೋಗದಿದ್ದರೆ ಮರುದಿನವೇ ಬಿಟ್ಟು ಬೇರೆ ಕಡೆ ಹೋಗಬಹುದು, ವೀಸಾಕ್ಕೆ ಏನೂ ಆಗುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಇದು ಎಷ್ಟು ದೊಡ್ಡ ಧೈರ್ಯ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇಂಥದ್ದೊಂದು ಇದೆ ಎಂದು ಗೊತ್ತಾದದ್ದು ಗೋಕರ್ಣದಲ್ಲಿ. ಕುಡ್ಲೆ ಬೀಚಿನ ಹತ್ತಿರದ ವಸತಿಗೃಹವೊಂದರಲ್ಲಿ ನಾನು ಲೆಕ್ಕ ಮತ್ತು ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಬರುವ ಜರ್ಮನಿಯ, ಫ್ರಾನ್ಸಿನ ಹುಡುಗಿಯರಲ್ಲಿ ಕೆಲವರು ಆಸ್ಟ್ರೇಲಿಯಾದಲ್ಲಿ ಹಣ್ಣು ಕೊಯ್ದು, ಕಾಫಿ ಅಂಗಡಿಯಲ್ಲಿ ದುಡಿದು ಉಳಿಸಿದ ಹಣದಲ್ಲೇ ಇಲ್ಲಿಗೆ ಬಂದವರು. ಇದೆಲ್ಲ ಅವರ ಪಾಸ್‌ಪೋರ್ಟಿಗೆ ಮಾತ್ರ ಎಂದುಕೊಂಡಿದ್ದೆ, ಆಗ ಅದು ನಿಜವೂ ಹೌದು. ಭಾರತ ಮತ್ತು ಆಸ್ಟ್ರೇಲಿಯಾ 2022ರ ಏಪ್ರಿಲ್ 2ರಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು, ಅದು ಅದೇ ಡಿಸೆಂಬರ್ 29ಕ್ಕೆ ಜಾರಿಯಾಯಿತು. ವರ್ಷಕ್ಕೆ 1,000 ಭಾರತೀಯರಿಗೆ ಈ ವೀಸಾ ಎಂಬ ಮಾತು ಬಂದದ್ದು ಅದರಲ್ಲಿ. ಬಾಗಿಲು ನಿಜವಾಗಿ ತೆರೆದದ್ದು 2024ರಲ್ಲಿ, ಮೊದಲ ನೋಂದಣಿ ಅಕ್ಟೋಬರ್ ತಿಂಗಳಿಡೀ ಇತ್ತು.

ನೋಂದಣಿ ಎಂದರೆ ಲಾಟರಿಗೆ ಹೆಸರು ಹಾಕುವುದು. 18 ತುಂಬಿರಬೇಕು, 31 ಆಗಿರಬಾರದು. ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲಿ ಇಮ್ಮಿಅಕೌಂಟ್ ಎಂಬ ಖಾತೆ ತೆರೆದು, ಪಾಸ್‌ಪೋರ್ಟ್ ಮತ್ತು ಪ್ಯಾನ್ ಸಂಖ್ಯೆ ಕೊಟ್ಟು, 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿದರೆ ಮುಗಿಯಿತು. ಒಂದು ಲಾಟರಿಗೆ ಒಬ್ಬರು ಒಂದೇ ಸಲ ಹೆಸರು ಹಾಕಬಹುದು. ಮೊದಲ ಎರಡೇ ವಾರಗಳಲ್ಲಿ ಸುಮಾರು 40,000 ಜನ ಹೆಸರು ಹಾಕಿದ್ದರಂತೆ. ಆಯ್ಕೆ ಮಾಡುವುದು ಕಂಪ್ಯೂಟರು, ಅಂಕಪಟ್ಟಿಯನ್ನೂ ನೋಡುವುದಿಲ್ಲ, ಶಿಫಾರಸನ್ನೂ ಕೇಳುವುದಿಲ್ಲ. ಹಾಗಾಗಿ ಖಂಡಿತ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ನಮ್ಮ ಕರಾವಳಿಯ ಒಂದು ಪೇಟೆಯಲ್ಲಿ ಇದಕ್ಕೇ ಮೂರು ಲಕ್ಷ ಕೇಳಿದವರಿದ್ದಾರೆ. ಲಾಟರಿಯಲ್ಲಿ ಅವರ ಕೈವಾಡ ನಡೆಯುವುದಿಲ್ಲ, ನಮ್ಮ ಹೆಸರು ಬಂದರೆ ಅದು ತಾನಾಗಿ ಬಂದದ್ದು.

ನನ್ನ ಹೆಸರು ಬಂದದ್ದು ಅಡಿಕೆಯ ಕೊನೆಕೊಯ್ಲಿನ ಗದ್ದಲದಲ್ಲಿ. ಆಯ್ಕೆಯಾದ ಮೇಲೆ 28 ದಿನದೊಳಗೆ ನಿಜವಾದ ಅರ್ಜಿ ಹಾಕಬೇಕು, ಆಗ ಶುಲ್ಕ 650 ಡಾಲರ್ ಇತ್ತು. ಈ 28 ದಿನದಲ್ಲಿ ಕಾಗದಪತ್ರ ಕೂಡಿಸುತ್ತೇನೆ ಎಂದರೆ ನಮ್ಮ ಕಡೆಯವರಿಗೆ ಆಗುವ ಮಾತಲ್ಲ, ಮುಖ್ಯವಾಗಿ ಹೆಸರಿನ ಕಾರಣಕ್ಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಆಮೇಲೆ ಹೆಗಡೆ. ಆಧಾರಿನಲ್ಲಿ ಅಪ್ಪನ ಹೆಸರು ಬರೀ ಒಂದು ಅಕ್ಷರ. ಪ್ಯಾನಿನಲ್ಲಿ ಹೆಗ್ಡೆ. ನಮ್ಮೂರಿನ ಯಾವ ಮನೆಯಲ್ಲಿ ನೋಡಿದರೂ ಹೀಗೇ. ಊರಿನಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ, ಆದರೆ ದೂರದಲ್ಲಿ ಕುಳಿತು ಕಡತ ನೋಡುವ ಅಧಿಕಾರಿಗೆ ಇವು ಮೂರು ಬೇರೆ ಬೇರೆ ಜನರ ಹೆಸರು. ನಾನು ಗೋಕರ್ಣದಲ್ಲಿ ದಿನಾ ಅತಿಥಿಗಳ ಪಾಸ್‌ಪೋರ್ಟ್ ನೋಡಿ ದಾಖಲೆ ಮಾಡುತ್ತಿದ್ದುದರಿಂದ ಈ ವಿಷಯ ತಲೆಯಲ್ಲಿ ಕೂತಿತ್ತು. ಪ್ಯಾನ್ ತಿದ್ದುಪಡಿ ಮೊದಲೇ ಮಾಡಿಸಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವಾಗ ಎಲ್ಲದರಲ್ಲೂ ಒಂದೇ ಕಾಗುಣಿತ ಇರುವಂತೆ ನೋಡಿಕೊಂಡೆ. ಡಿಗ್ರಿ ಓದುತ್ತಿರುವವರು ಇದೊಂದನ್ನು ಈಗಲೇ ಮಾಡಿಕೊಂಡರೆ, ಈ ವೀಸಾ ಬೇಡವೆಂದರೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ದುಡ್ಡು. ಖಾತೆಯಲ್ಲಿ 5,000 ಆಸ್ಟ್ರೇಲಿಯನ್ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಎರಡೂ ಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು ತೋರಿಸಬೇಕು. ಅದಲ್ಲದೆ ಟಿಕೆಟ್ಟಿಗೆ ಬೇರೆ. ತೋಟದ ಪಹಣಿ, ಅಟ್ಟದ ಮೇಲಿನ ಚಾಲಿ ಅಡಿಕೆ, ಚಿನ್ನ ಯಾವುದೂ ಇಲ್ಲಿ ನಡೆಯುವುದಿಲ್ಲ. ನಮ್ಮ ಮನೆಯ ವ್ಯವಹಾರವೆಲ್ಲ ಊರಿನ ಸೇವಾ ಸಹಕಾರಿ ಸಂಘದಲ್ಲಿ, ಅಪ್ಪನ ಹೆಸರಿನಲ್ಲಿ. ನನ್ನ ಗೋಕರ್ಣದ ಸಂಬಳದ ಉಳಿತಾಯಕ್ಕೆ ಅಪ್ಪ ಅಡಿಕೆ ಮಾರಿದ ಹಣದಲ್ಲಿ ಒಂದಿಷ್ಟು ಸೇರಿಸಿ, ಎಲ್ಲವನ್ನೂ ರಾಷ್ಟ್ರೀಕೃತ ಬ್ಯಾಂಕಿನ ನನ್ನ ಖಾತೆಗೆ ಹಾಕಿಟ್ಟೆ. ಹೊಸ ದೇಶದಲ್ಲಿ ಕೆಲಸ ಸಿಗುವವರೆಗೆ ಹಸಿದು ಕೂರಬಾರದು ಎಂಬ ನಿಯಮ ನ್ಯಾಯವಾದದ್ದೇ. ಆದರೂ ನನ್ನ ಜೊತೆ ದುಡಿದ, ನನಗಿಂತ ಚೆನ್ನಾಗಿ ಇಂಗ್ಲಿಷ್ ಆಡುವ ಬೇಲೆಕೇರಿಯ ಮೀನುಗಾರರ ಮನೆಯ ಹುಡುಗ ಈ ಒಂದು ಸಾಲು ಓದಿಯೇ ಹಿಂದೆ ಸರಿದ. ಕಾಲೇಜು ಓದಿಗೆ ಲಕ್ಷಗಟ್ಟಲೆ ಸಾಲ ಕೊಡುವ ಬ್ಯಾಂಕುಗಳು, ಒಂದು ವರ್ಷ ದುಡಿದು ಲೋಕ ನೋಡಿ ಬರುತ್ತೇನೆ ಎನ್ನುವವನನ್ನು ಏಕೆ ನಂಬುವುದಿಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಇಂಗ್ಲಿಷಿಗೆ ಹೆದರಬೇಡಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿ 4.5 ಬಂದರೆ ಸಾಕು, ಅದು ದೊಡ್ಡ ಅಂಕವಲ್ಲ. ಪರೀಕ್ಷೆ ಬರೆದದ್ದು ಬೆಂಗಳೂರಿನಲ್ಲಿ. ಓದಿನ ಅರ್ಹತೆ ಎಂದರೆ ಡಿಗ್ರಿಯಲ್ಲಿ ಕನಿಷ್ಠ ಎರಡು ವರ್ಷ ಮುಗಿದಿರಬೇಕು. ವೈದ್ಯಕೀಯ ತಪಾಸಣೆ ಮತ್ತು ಎದೆಯ ಎಕ್ಸ್‌ರೇ ಕೂಡ ಬೆಂಗಳೂರಿನಲ್ಲೇ, ಅವರು ಒಪ್ಪಿದ ಕ್ಲಿನಿಕ್ಕಿನಲ್ಲಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಲು ಈ ವೀಸಾದಲ್ಲಿ ಅವಕಾಶವಿಲ್ಲ.

ಮನೆಯಲ್ಲಿ ಒಪ್ಪಿಸುವುದು ಇವೆಲ್ಲಕ್ಕಿಂತ ನಿಧಾನದ ಕೆಲಸ. "ಕೂಸೇ, ಅಲ್ಲಿ ಹೋಗಿ ಮಾವಿನಹಣ್ಣು ಕೊಯ್ಯದಾದ್ರೆ ಇಲ್ಲಿ ನಮ್ಮನೆ ಅಡಕೆ ಸುಲಿಯಲೆ ಎಂತ ಬೇಜಾರು?" ಎಂದು ಅಪ್ಪ ಕೇಳಿದ್ದರಲ್ಲಿ ನೋವಿತ್ತು. ಅಡಿಕೆ ಸುಲಿಯಲು ನನಗೆ ಎಂದೂ ಬೇಜಾರಿಲ್ಲ, ಮೆಟ್ಟುಗತ್ತಿಯ ಮುಂದೆ ಮಧ್ಯರಾತ್ರಿವರೆಗೆ ಕೂತು ಬೆಳೆದವಳು ನಾನು. ಹಾಗಾಗಿಯೇ ಕೈಕೆಲಸಕ್ಕೆ ಹೋಗುತ್ತೇನೆ ಎನ್ನಲು ನನಗೆ ನಾಚಿಕೆಯಿಲ್ಲ. ಆ ಕೆಲಸಕ್ಕೆ ಅಲ್ಲಿ ಗಂಟೆಯ ಲೆಕ್ಕದ ಕನಿಷ್ಠ ಕೂಲಿ ಕಾನೂನಿನಲ್ಲೇ ಇದೆ, 2025ರ ಜುಲೈಯಿಂದ 24.95 ಡಾಲರ್. ಕೊಯ್ದ ಲೆಕ್ಕಕ್ಕೆ ಕೂಲಿ ಕೊಡುವ ತೋಟಗಳಲ್ಲೂ ಗಂಟೆಯ ಕನಿಷ್ಠಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ ಎಂದು 2022ರ ಏಪ್ರಿಲ್‌ನಲ್ಲಿ ನಿಯಮವಾಗಿದೆ. ಮೋಸ ಮಾಡುವ ಗುತ್ತಿಗೆದಾರರು ಅಲ್ಲೂ ಇದ್ದಾರೆ. ದೂರು ಕೊಡಲು ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿ ಇದೆ, ಅದರ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ. ಆಯಿಯದು ಬೇರೆ ಚಿಂತೆ: "ಹುಷಾರಿಲ್ದೆ ಬಿದ್ಕಂಡ್ರೆ ಯಾರು ನೋಡ್ಕತ್ತ?" ಈ ವೀಸಾದ ಮೇಲೆ ಹೋಗುವ ಭಾರತೀಯರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯವಾದ ಮೆಡಿಕೇರ್ ಸಿಗುವುದಿಲ್ಲ, ಅವಳ ಚಿಂತೆ ಸರಿಯಾದದ್ದೇ. ವರ್ಷದ ಆರೋಗ್ಯ ವಿಮೆ ಮಾಡಿಸಿ ಆ ಕಾಗದವನ್ನು ಅವಳ ಕೈಗೇ ಕೊಟ್ಟೆ.

ಆಸ್ಟ್ರೇಲಿಯಾದ ಉತ್ತರ ಭಾಗದ ಡಾರ್ವಿನ್, ಕ್ಯಾಥರಿನ್ ಕಡೆ ಮಾವಿನ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತದೆ, ನಾನು ಅದಕ್ಕೆ ಸ್ವಲ್ಪ ಮೊದಲು ಹೊರಡುತ್ತೇನೆ. ಅಂಥ ಪ್ರದೇಶಗಳಲ್ಲಿ ಕೃಷಿಯಂಥ ನಿಗದಿತ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವರ್ಷಕ್ಕೂ ಅರ್ಜಿ ಹಾಕಬಹುದು. ಅಂಕೋಲೆಯ ಕರಿ ಈಶಾಡು ತಿಂದವಳಿಗೆ ಅಲ್ಲಿನ ಮಾವು ರುಚಿಸುತ್ತದೋ ಇಲ್ಲವೋ ನೋಡಬೇಕು.

ಡಿಗ್ರಿ ಮುಗಿದವರಿಗೆ ಬ್ರಿಟನ್ನಿನದೂ ಒಂದಿದೆ, ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್. ಎರಡು ವರ್ಷದ್ದು, ಅಲ್ಲೂ ಲಾಟರಿಯೇ, ಆದರೆ ಹೆಸರು ಹಾಕಲು ಶುಲ್ಕವಿಲ್ಲ. 2,530 ಪೌಂಡ್ ಸತತ 28 ದಿನ ಖಾತೆಯಲ್ಲಿ ಇರಬೇಕು. ನೋಂದಣಿ ತೆರೆದಿರುವುದು ತೀರಾ ಕಡಿಮೆ ಹೊತ್ತು, ಕಣ್ಣಿಟ್ಟಿರಬೇಕು. ಎರಡೂ ದೇಶಗಳ ದಿನಾಂಕ ಮತ್ತು ಶುಲ್ಕ ಬದಲಾಗುತ್ತಿರುತ್ತವೆ, ಸರ್ಕಾರಿ ಜಾಲತಾಣದಲ್ಲೇ ನೋಡಿ. ಹೊರಡುವವರೆಗೆ ನಾನು ಮನೆಯಲ್ಲೇ ಇದ್ದೇನೆ. ಅರ್ಜಿ ತುಂಬುವುದು ಹೇಗೆಂದು ನೋಡಬೇಕೆನ್ನುವವರು ಪಾಸ್‌ಪೋರ್ಟ್, ಪ್ಯಾನ್, ಅಂಕಪಟ್ಟಿ ಮೂರನ್ನೂ ಹಿಡಿದುಕೊಂಡು ಬನ್ನಿ, ಮೊದಲು ಹೆಸರಿನ ಕಾಗುಣಿತ ನೋಡೋಣ.