ಮೂರು ಗಂಟೆಗೆ 'ಆಫ್' ಆದ ಅಲಾರಂ

ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದು ಆಗಿನ್ನೂ ಮೂರು ವಾರ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಮರಳಿದ ನನಗೆ, ಮೆಟ್ಟಿಲ ಬಳಿ ಸಿಕ್ಕ ನೆರೆಮನೆಯಾಕೆ, ಮೂರು ಗಂಟೆಗೆ ಫೈರ್ ಅಲಾರಂ 'ವೆಂಟ್ ಆಫ್' ಎಂದು ಬೇಸರದಿಂದ ಹೇಳಿದರು. ಅಂತೂ ನಿಂತಿತಲ್ಲ ಎಂದುಕೊಂಡು ನಾನು 'ವೆರಿ ಗುಡ್' ಎಂದುಬಿಟ್ಟೆ. ಅಲಾರಂ ನಿಂತಿರಲಿಲ್ಲ, ಹೊಡೆದುಕೊಂಡಿತ್ತು. ಕಟ್ಟಡದವರೆಲ್ಲ ಆ ಹೊತ್ತಿನಲ್ಲಿ ಮಳೆಯಲ್ಲಿ ನೆನೆಯುತ್ತ ಬೀದಿಯಲ್ಲಿ ನಿಂತಿದ್ದರು.

ಫ್ಯಾನ್ ಆಫ್ ಮಾಡು, ಗಾಡಿ ಆಫ್ ಆಯ್ತು ಎನ್ನುತ್ತ ಬೆಳೆದ ನಮಗೆ 'ಆಫ್' ಎಂದರೆ ನಿಂತುಹೋದದ್ದು, ಅಷ್ಟೇ. ಆದರೆ ಆ ಪದದ ಮೂಲಾರ್ಥ 'ಇಲ್ಲಿಂದ ಆಚೆಗೆ' ಎಂಬುದು. ಕೋವಿಯಿಂದ ಗುಂಡು ಹಾರುವುದೂ ಪಟಾಕಿ ಸಿಡಿಯುವುದೂ 'ಗೋ ಆಫ್' ಆಗಿರುವಾಗ, ಒಳಗೆ ಕಾದು ಕುಳಿತ ಸದ್ದು ತಟ್ಟನೆ ಹೊರಬೀಳುವ ಅಲಾರಂ ಕೂಡ ಅದೇ ಸಾಲಿಗೆ ಸೇರಿತು. ದೀಪಕ್ಕೆ ಮಾತ್ರ ಅದೇ ಮಾತು ಆರುವುದಾಗುತ್ತದೆ. ಹೀಗಾಗಿ ಅಲಾರಂ ಹೊಡೆದಾಗಲೇ ದೀಪವೂ ಆರಿದರೆ, ಎರಡಕ್ಕೂ ಒಂದೇ ಕ್ರಿಯಾಪದವನ್ನು ಬಳಸಿ ಇಲ್ಲಿಯವರು ನಿರಾಳವಾಗಿರುತ್ತಾರೆ.

ಕಚೇರಿಯ ಫ್ರಿಜ್‌ನಲ್ಲಿದ್ದ ಹಾಲಿನ ಬಾಟಲಿಯನ್ನು ಮೂಸಿದ ಸಹೋದ್ಯೋಗಿಯೊಬ್ಬರು 'ಗಾನ್ ಆಫ್' ಎಂದಾಗ ಅದು ಹುಳಿಯಾಗಿದೆಯೆಂದು ಅವರ ಮುಖವೇ ಹೇಳಿತು. (ಅಮೆರಿಕದವರು ಹಾಲಿಗೆ ಹೀಗೆನ್ನುವುದು ಕಡಿಮೆ, ಇದು ಬ್ರಿಟಿಷರ ರೂಢಿ.) ಇನ್ನೊಬ್ಬರು ತಾವು ಕಾಫಿಯಿಂದ 'ಗಾನ್ ಆಫ್' ಎಂದಾಗ ಕಾಫಿಯೇನೂ ಕೆಟ್ಟಿರಲಿಲ್ಲ, ಅವರಿಗೆ ಅದರ ರುಚಿಯೇ ಬೇಡವಾಗಿತ್ತು.

ಹಾಗೆ ನೋಡಿದರೆ ನಮ್ಮ 'ಹೋಗು' ಕೂಡ ಕಡಿಮೆಯದೇನಲ್ಲ: ಕರೆಂಟು ಹೋಗುತ್ತದೆ, ಹಾಲು ಒಡೆದುಹೋಗುತ್ತದೆ, ಬಟ್ಟೆಯ ಬಣ್ಣ ಹೋಗುತ್ತದೆ, ಮಾನವೂ ಹೋಗುತ್ತದೆ. ಹುಳಿಯಾದ ಹಾಲೂ ಆರಿದ ದೀಪವೂ ನನಗೆ ಬೇಗ ಒಗ್ಗಿದ್ದು ಇದರಿಂದಲೇ ಇರಬೇಕು. ಆದರೆ ನಮ್ಮ 'ಹೋಗು' ಬಹುಪಾಲು ನಷ್ಟದ ಕಡೆಗೇ ನಡೆಯುತ್ತದೆ; ಅಲಾರಂ ಹೋಯಿತೆಂದರೆ ಅದು ಕೆಟ್ಟಿತೆಂದೇ ಅರ್ಥ. ಬ್ರಿಟಿಷರಾದರೋ 'ಆಫ್' ಸೇರಿಸದೆ ಬರೀ 'ದ ಬೆಲ್ ವೆಂಟ್' ಎಂದರೂ ಗಂಟೆ ಹೊಡೆಯಿತೆಂದೇ ತಿಳಿಯುತ್ತಾರೆ.

ನಮ್ಮ ಕಚೇರಿಯಲ್ಲಿ ಪ್ರತಿ ಬುಧವಾರ ಹತ್ತು ಗಂಟೆಗೆ ಅಲಾರಂ ಪರೀಕ್ಷೆ ಇರುತ್ತದೆ. ಅದು 'ಗೋ ಆಫ್' ಆಗುವುದೆಂದು ಗೋಡೆಗೆ ಅಂಟಿಸಿದ ಸೂಚನೆಯನ್ನು ಓದಿ, ಮೊನ್ನೆ ಹಾಸನದಿಂದ ಹೊಸದಾಗಿ ಬಂದ ಹುಡುಗ ನನ್ನನ್ನು ಮೆಲ್ಲಗೆ ಕೇಳಿದ: "ಸರ್, ಬೆಂಕಿಯ ಅಲಾರಂನ ವಾರವಾರ ಯಾಕೆ ಆಫ್ ಮಾಡ್ತಾರೆ?"