ಹಸು ಒದ್ದರೆ ಹಸು ಒದ್ದಿತು ಅಂತಲೇ ಹೇಳಿ

ಜಗಳೂರು, ಚಳ್ಳಕೆರೆ ಕಡೆ ದನ ಒದ್ದು ಪಕ್ಕೆಲುಬು ಮುರಿದುಕೊಂಡವರನ್ನು ಡಾಕ್ಟರು ಏನಾಯ್ತು ಅಂತ ಕೇಳಿದರೆ, "ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್" ಅನ್ನುವವರು ಬಹಳ ಜನ. ನಾಚಿಕೆಗಲ್ಲ, ಸಂತೆಗೆ ಹೆದರಿ. ಒದೆಯೋ ಹಸು ಅಂತ ಊರಲ್ಲಿ ಸುದ್ದಿಯಾದರೆ ದಲ್ಲಾಳಿ ರೇಟು ಇಳಿಸಿಬಿಡುತ್ತಾನೆ. ನಮ್ಮ ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗಲೂ ಅವಳಿಗೆ ನೋವಿಗಿಂತ ಇದೇ ಚಿಂತೆ. "ಸುಮ್ನಿರಪ್ಪ, ನಿಮ್ಮ ಚಿಕ್ಕಪ್ಪ ಅದನ್ನ ಮಾರಬೇಕು ಅಂತಿದಾರೆ."

ನಮ್ಮ ಕಾವಲುಗಳ, ಅಂದರೆ ಹುಲ್ಲುಗಾವಲುಗಳ, ಅಮೃತಮಹಲ್ ದನದ ಕೋಡು ನೋಡಿದ್ದೀರಲ್ವಾ? ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ತಳಿ, ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವುಗಳ ಹತ್ತಿರ ಯಾರೂ ಮೈಮರೆತು ಹೋಗುವುದಿಲ್ಲ. ಏಟು ಬೀಳೋದು ಮನೆಯ ಸಾಧು ಹಸುವಿನಿಂದಲೇ, ಹೊಸದಾಗಿ ಕರು ಹಾಕಿದಾಗ, ಇಲ್ಲಾ ಕೆಚ್ಚಲು ಬಾವು ಬಂದು ಮುಟ್ಟಿದರೆ ನೋಯುವಾಗ. ಹಸು ಹಿಂದಕ್ಕಷ್ಟೇ ಒದೆಯುವುದಿಲ್ಲ, ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ, ಹಾಲು ಕರೆಯಲು ಕೂತವರ ಎದೆ ಸರಿಯಾಗಿ ಅಲ್ಲೇ ಇರುತ್ತದೆ. ನೇರ ಹಿಂದೆ ನಿಂತವರು ಅದರ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಮಾತಾಡಿಸುತ್ತಾ ಪಕ್ಕದಿಂದ ಹೋಗಿ. ಹಗ್ಗವನ್ನಂತೂ ಕೈಗೆ ಸುತ್ತಿಕೊಳ್ಳಲೇಬೇಡಿ. ದನ ಬೆದರಿ ಓಡಿದರೆ ಹಗ್ಗ ಬಿಗಿಯುತ್ತದೆ, ಬೆರಳೇ ಹೋಗುತ್ತದೆ.

ಸುಳ್ಳು ಹೇಳಿದರೆ ನಷ್ಟ ನಮಗೇ. ಕೋಡು ಚುಚ್ಚಿದ ಗಾಯ ಹೊರಗೆ ಸಣ್ಣ ತೂತು, ಒಳಗೆ ಎಷ್ಟು ಆಳ ಹೋಗಿದೆಯೋ ಗೊತ್ತಾಗಲ್ಲ. ಸಗಣಿ, ಮಣ್ಣಿನಲ್ಲಿ ಧನುರ್ವಾಯು ತರುವ ಕ್ರಿಮಿ ಇರುತ್ತದೆ. ಬಚ್ಚಲಲ್ಲಿ ಜಾರಿದೆ ಅಂದರೆ ಡಾಕ್ಟರಿಗೆ ಇದೆಲ್ಲಾ ಹೇಗೆ ಹೊಳೆಯಬೇಕು?

ಕಾಣದ ಏಟು ಇನ್ನೊಂದಿದೆ. ದನ, ಕುರಿ, ಮೇಕೆ ಕಂದು ಹಾಕಿದಾಗ, ಅಂದರೆ ಗರ್ಭಪಾತ ಆದಾಗ, ಸತ್ತ ಕರು, ಮಾಸು ಎಲ್ಲಾ ಬರಿಗೈಲಿ ಎತ್ತಿ ಹಾಕುತ್ತೇವೆ. ಅದಕ್ಕೆ ಕಾರಣ ಬ್ರುಸೆಲ್ಲೋಸಿಸ್ ಅನ್ನೋ ಅಂಟುರೋಗ ಆಗಿದ್ದರೆ ನಮಗೂ ಬರುತ್ತದೆ: ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು. ಟೈಫಾಯಿಡ್ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ, ಮನೆಯಲ್ಲಿ ದನ ಇವೆ, ಒಂದು ಕಂದು ಹಾಕಿತ್ತು ಅಂತ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಾದರೂ ಹಾಕಿಕೊಳ್ಳಿ, ಮಾಸನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಒಮ್ಮೆ ಹಾಕಿಸಿದರೆ ಸಾಕು, ಸರ್ಕಾರದ ಕಾರ್ಯಕ್ರಮದಲ್ಲಿ ಪುಕ್ಕಟೆ ಹಾಕುತ್ತಾರೆ.